ಆಟದ ಹುಲ್ಲು, ಹಕ್ಕಿಯ ಗೂಡು

ಕೊಡಗಿನಲ್ಲಿ ಸಮತಟ್ಟಾದ ನೆಲ ದುರ್ಲಭ. ಬೆಟ್ಟದ ಇಳಿಜಾರುಗಳಲ್ಲಿ ಕಾಡು ಮತ್ತು ಕಾಫಿಯ ತೋಟ. ಕಣಿವೆಗಳ ತಳದಲ್ಲಿ ಗದ್ದೆ. ತಡಿಯಂಡಮೋಳಿನಂಥ ಎತ್ತರದ ಬೆಟ್ಟಗಳ ನೆತ್ತಿಯ ಹುಲ್ಲುಗಾವಲನ್ನು ಬಿಟ್ಟರೆ, ಊರುಗಳ ನಡುವೆ ಹುಲ್ಲು ಹಾಸಿದ ಬಯಲೊಂದು ಕಣ್ಣಿಗೆ ಬಿದ್ದಾಗ ಅದು ಬಹುಮಟ್ಟಿಗೆ ಮನುಷ್ಯನು ಬೇಕೆಂದೇ ಉಳಿಸಿಕೊಂಡ ನೆಲವೆಂದು ತಿಳಿಯಬಹುದು. ಪುತ್ತರಿಯ ಕೋಲಾಟ ನಡೆಯುವ ಮಂದ್‌ಗಳು ಇವುಗಳಲ್ಲಿ ಹಳೆಯವು. ಮಡಿಕೇರಿಯಲ್ಲೂ ಬಿಟ್ಟಂಗಾಲದಲ್ಲೂ ಇರುವ ಗಾಲ್ಫ್ ಅಂಗಳಗಳು ಅನಂತರ ಬಂದವು. ಇನ್ನು ಹಾಕಿಯ ಮೈದಾನಗಳ ಮಾತನ್ನು ಕೊಡಗಿನ ವಾಚಕರಿಗೆ ಹೇಳಬೇಕಾದುದೇ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನದವರ ಮುಂದಾಳುತನದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವು ಬೆಳೆದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಕಣಕ್ಕಿಳಿದವು.

ಈ ಬಯಲುಗಳಿಗೆ ನಮ್ಮಂತೆಯೇ ಬೇರೆ ಹಕ್ಕುದಾರರೂ ಇದ್ದಾರೆ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬರುವ ಬೂದು ಸಿಪಿಲೆಗಳು ಬಾಲ ಕುಣಿಸುತ್ತ ತೇವದ ನೆಲದಲ್ಲಿ ಹುಳು ಹೆಕ್ಕುತ್ತವೆ. ಚಂದ್ರಮುಕುಟವು ತನ್ನ ನೀಳ ಕೊಕ್ಕನ್ನು ಹುಲ್ಲಿನ ಬುಡಕ್ಕೆ ಚುಚ್ಚುತ್ತದೆ. ಆದರೆ ಇವೆಲ್ಲ ಉಂಡು ಹೋಗುವ ಅತಿಥಿಗಳು. ಬಯಲಿನಲ್ಲೇ ಸಂಸಾರ ಹೂಡುವ ಹಕ್ಕಿಯೆಂದರೆ ಟಿಟ್ಟಿಭ. ಅದು ಗೂಡು ಕಟ್ಟುವುದಿಲ್ಲ. ನೆಲವನ್ನು ತುಸು ಕೆದರಿ, ಕೆಲವು ಹರಳುಗಳನ್ನು ಸುತ್ತಲಿಟ್ಟು, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಗಳ ಮಣ್ಣುಬಣ್ಣವೂ ಕಪ್ಪು ಮಚ್ಚೆಗಳೂ ನೆಲದೊಡನೆ ಎಷ್ಟು ಬೆರೆತಿರುತ್ತವೆಂದರೆ ಎರಡು ಮಾರು ದೂರದಲ್ಲಿ ನಿಂತರೂ ಅವು ಕಾಣವು. ಮಾರ್ಚಿಯಿಂದ ಆಗಸ್ಟಿನವರೆಗೆ ಇದು ಮೊಟ್ಟೆಯಿಡುವ ಕಾಲ. ಹಾಕಿಯ ಪಂದ್ಯಗಳು ಬಿರುಸಾಗಿ ನಡೆಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಟಕ್ಕೂ ಹಕ್ಕಿಗೂ ಇರುವ ತೊಡಕು ಈ ಪಂಚಾಂಗದಲ್ಲೇ ಹುಟ್ಟಿಕೊಂಡಿದೆ.

ಹುಲ್ಲನ್ನು ಕತ್ತರಿಸುವುದೇ ಜೀವಿಗಳಿಗೆ ಹಾನಿಯೆಂದು ಕೆಲವರು ಭಾವಿಸುತ್ತಾರೆ. ಇದು ಅರ್ಧ ಸತ್ಯ. ಚಾರ್ಲ್ಸ್ ಡಾರ್ವಿನ್ನನು 1859ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಒಂದು ಚಿಕ್ಕ ಪ್ರಯೋಗವನ್ನು ಹೇಳಿದ್ದಾನೆ. ಮೂರಡಿಗೆ ನಾಲ್ಕಡಿಯ ಹುಲ್ಲುಹಾಸಿನ ತುಂಡೊಂದರಲ್ಲಿ ಇಪ್ಪತ್ತು ಜಾತಿಯ ಸಸ್ಯಗಳಿದ್ದವು. ಕತ್ತರಿಸುವುದನ್ನು ನಿಲ್ಲಿಸಿ ಎಲ್ಲವನ್ನೂ ಸ್ವೇಚ್ಛೆಯಾಗಿ ಬೆಳೆಯಗೊಟ್ಟಾಗ ಒಂಬತ್ತು ಜಾತಿಗಳು ಅಳಿದುಹೋದವು! ಎತ್ತರಕ್ಕೆ ಬೆಳೆಯಬಲ್ಲವು ಗಿಡ್ಡ ಸಸ್ಯಗಳ ಪಾಲಿನ ಬೆಳಕನ್ನು ಕಸಿದುಕೊಂಡುವು. ಕತ್ತರಿಯೂ ದನದ ಬಾಯಿಯೂ ಬಲಿಷ್ಠರನ್ನು ಹದ್ದಿನಲ್ಲಿಟ್ಟು ದುರ್ಬಲರಿಗೆ ಎಡೆಮಾಡಿಕೊಡುತ್ತವೆ. ಗರಿಕೆಯ ನಡುವೆ ಒಂದೆಲಗ, ಮುಟ್ಟಿದರೆ ಮುನಿ, ಮೂರೆಲೆಯ ಹುಳಿಗಿಡ ಇವೆಲ್ಲ ಬಾಳುವುದು ಹೀಗೆ. ಆ ಹುಳಿಗಿಡದ ಎಲೆಯನ್ನೇ ತಿಂದು ಬೆಳೆಯುವ ಪುಟ್ಟ ನೀಲಿ ಚಿಟ್ಟೆಯೂ ಇದೆ.

ಹಾನಿಯು ಗೊಬ್ಬರದ ಮೂಟೆಯಿಂದ ಬರುವ ಸಂಭವ ಹೆಚ್ಚು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1856ರಲ್ಲಿ ತೊಡಗಿದ ಹುಲ್ಲುಗಾವಲಿನ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಅಲ್ಲಿ ಗೊಬ್ಬರ ಕಾಣದ ಪಟ್ಟಿಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಸಸ್ಯಜಾತಿಗಳಿದ್ದರೆ, ಅಮೋನಿಯಂ ಸಲ್ಫೇಟನ್ನು ವರ್ಷವರ್ಷವೂ ಧಾರಾಳವಾಗಿ ಉಂಡ ಪಟ್ಟಿಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಹಸುರು ಹೆಚ್ಚಿದಷ್ಟೂ ಜೀವ ಹೆಚ್ಚಿತೆಂದು ಬಗೆಯುವಂತಿಲ್ಲ.

ಇನ್ನು ನಮ್ಮ ವಿಷಯವಾದ ಭೌತಶಾಸ್ತ್ರಕ್ಕೆ ಬರೋಣ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. ವಿಸ್ತೀರ್ಣ ಸುಮಾರು 5,000 ಚದರ ಮೀಟರ್. ಬೇಸಗೆಯ ಒಂದು ದಿನ ಈ ಹುಲ್ಲು ತನ್ನ ಎಲೆಗಳ ಮೂಲಕವೂ ಮಣ್ಣಿನ ಮೂಲಕವೂ 4 ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿಸುತ್ತದೆಂದು ಇಟ್ಟುಕೊಳ್ಳೋಣ. ಚದರ ಮೀಟರಿಗೆ 4 ಲೀಟರ್. ಇಡೀ ಮೈದಾನಕ್ಕೆ 20,000 ಲೀಟರ್. ಒಂದು ಕಿಲೋಗ್ರಾಂ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2.4 ಮೆಗಾಜೂಲ್. ಹೀಗೆ ಚದರ ಮೀಟರಿಗೆ 10 ಮೆಗಾಜೂಲಿಗೆ ಸಮೀಪದ ಉಷ್ಣವು ಆವಿಯೊಡನೆ ಹೊರಟುಹೋಗುತ್ತದೆ. ನಿರ್ಮಲವಾದ ದಿನವೊಂದರಲ್ಲಿ ಅಷ್ಟೇ ನೆಲಕ್ಕೆ ಸೂರ್ಯನಿಂದ ದೊರೆಯುವುದು 20ರಿಂದ 25 ಮೆಗಾಜೂಲ್. ಬಿಸಿಲಿನ ಐದರಲ್ಲಿ ಎರಡು ಪಾಲನ್ನು ಹುಲ್ಲು ಸದ್ದಿಲ್ಲದೆ ನುಂಗಿಬಿಡುತ್ತದೆ!

ಕೃತಕ ಹುಲ್ಲಿಗೆ ಈ ಶಕ್ತಿಯಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿಯು ಪ್ಲಾಸ್ಟಿಕ್ ಹಾಸಿನ ಆಟವಾಯಿತು. ಕೊಡಗಿನಲ್ಲೂ ಪೊನ್ನಂಪೇಟೆಯಂಥ ಕಡೆಗಳಲ್ಲಿ ಅಂಥ ಅಂಗಣಗಳಿವೆ. ಬಿಸಿಲಿಗೆ ಒಣಗಿದ ಹಾಸಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದನ್ನೂ ಮೀರುವುದನ್ನೂ ಅನೇಕ ದೇಶಗಳಲ್ಲಿ ಅಳೆದು ನೋಡಿದ್ದಾರೆ. ಅಂತರರಾಷ್ಟ್ರೀಯ ಆಟಕ್ಕೆ ಸಿದ್ಧರಾಗುವ ತರುಣರಿಗೆ ಈ ಹಾಸು ಬೇಕು, ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಪ್ರತಿಯೊಂದು ಶಾಲೆಯ ಬಯಲಿಗೂ ಇದನ್ನು ಹಾಸಬೇಕೆಂಬ ಹಂಬಲವನ್ನು ನಾವು ಒಪ್ಪಲಾರೆವು. ಅದರ ಕೆಳಗೆ ಎರೆಹುಳುವಿಗೆ ಬಾಳಿಲ್ಲ. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎರೆಹುಳುಗಳು ವರ್ಷಕ್ಕೆ ಎಕರೆಯೊಂದಕ್ಕೆ ಹತ್ತು ಟನ್ನಿಗೂ ಮಿಗಿಲಾದ ಮಣ್ಣನ್ನು ಮೇಲಕ್ಕೆ ತರುತ್ತವೆಂದು ಅದೇ ಡಾರ್ವಿನ್ನನು 1881ರಲ್ಲಿ ಲೆಕ್ಕಹಾಕಿದ್ದನು. ಅವು ಕೊರೆದ ಬಿಲಗಳೇ ಮಳೆನೀರು ಇಂಗುವ ದಾರಿ. ದಿನಕ್ಕೆ 100 ಮಿಲಿಮೀಟರ್ ಮಳೆ ಕೊಡಗಿನ ಆಷಾಢಕ್ಕೆ ಹೊಸತಲ್ಲ. ಅಂಥ ದಿನ ಒಂದು ಹಾಕಿ ಮೈದಾನದ ಮೇಲೆ ಬೀಳುವ ನೀರು 5 ಲಕ್ಷ ಲೀಟರ್.

ಈಗ ಟಿಟ್ಟಿಭದ ಮೊಟ್ಟೆಯತ್ತ ಮತ್ತೆ ನೋಡೋಣ. ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದೆಂದು ಪಾಠಗಳಲ್ಲಿ ಓದಿದ್ದೇವೆ. ಬಯಲಿನ ಹಕ್ಕಿಗೆ ಮಧ್ಯಾಹ್ನದಲ್ಲಿ ಕೆಲಸ ತಿರುಗುಮುರುಗಾಗುತ್ತದೆ: ಅದು ಮೊಟ್ಟೆಯನ್ನು ತಣ್ಣಗಿಡಬೇಕು. ಭ್ರೂಣದ ಬೆಳವಣಿಗೆಗೆ 37, 38 ಡಿಗ್ರಿಯ ಉಷ್ಣತೆ ಹದವಾದುದು. 40ನ್ನು ಮೀರಿ ಬಹಳ ಹೊತ್ತು ನಿಂತರೆ ಅದು ಸಾಯುವ ಸಂಭವವುಂಟು. ನೆತ್ತಿಯ ಸೂರ್ಯನು ಚದರ ಮೀಟರಿಗೆ ಸುಮಾರು 1,000 ವಾಟ್ ಸುರಿಸುತ್ತಿರುವಾಗ ಹಕ್ಕಿಯು ಮೊಟ್ಟೆಗಳ ಮೇಲೆ ನಿಂತು ನೆರಳು ನೀಡುತ್ತದೆ. ಅದೂ ಸಾಲದಾದಾಗ ಹತ್ತಿರದ ನೀರಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಕೂರುತ್ತದೆ. ಒದ್ದೆ ಗರಿಯ ನೀರು ಆರುವಾಗ ಮೊಟ್ಟೆಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಗರಿಕೆಯು ಮಾಡುವ ಕೆಲಸವೂ ಇದೇ, ಮಣ್ಣಿನ ಹೂಜಿಯು ಮಾಡುವ ಕೆಲಸವೂ ಇದೇ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಮೊಟ್ಟೆಗಳನ್ನು ಯಾರೂ ತುಳಿಯದಿದ್ದರೂ ಅವು ಸಾಯಬಹುದು. ನಡುಹಗಲಿನಲ್ಲಿ ಆಟಗಾರರೂ ಪ್ರೇಕ್ಷಕರೂ ಹಕ್ಕಿಯನ್ನು ಬಹಳ ಹೊತ್ತು ಗೂಡಿನಿಂದ ದೂರವಿಟ್ಟರೆ ಅಷ್ಟೇ ಸಾಕು. ಅದು ತಲೆಯ ಮೇಲೆ ಹಾರುತ್ತ ಕೂಗಿಕೊಳ್ಳುವುದು ಸುಮ್ಮನೆಯಲ್ಲ. ಮೈದಾನದ ಅಂಚಿನಲ್ಲಿ ಗೂಡು ಕಂಡರೆ ಸುತ್ತ ನಾಲ್ಕು ಕೋಲು ನೆಟ್ಟು, ಹಗ್ಗ ಎಳೆದು, ಜನರನ್ನು ಸಾಕಷ್ಟು ದೂರದಲ್ಲಿ ನಿಲ್ಲಿಸುವುದು ಒಳ್ಳೆಯದು. ಬಿಸಿಲೇರಿದ ಹೊತ್ತಿನ ಅಭ್ಯಾಸವನ್ನು ಸಂಜೆಗೆ ಹಾಕಿದರೆ ಹುಡುಗರಿಗೂ ಹಿತ. ರೋಲರ್ ಎಳೆಯುವ ಮುನ್ನ ಅಂಚುಗಳನ್ನು ಕಾಲ್ನಡಿಗೆಯಲ್ಲಿ ನೋಡಿಬರಬೇಕು. ಮೊಟ್ಟೆಗಳನ್ನು ಎತ್ತಿ ಬೇರೆಡೆ ಇಡುವ ದಯೆ ಮಾತ್ರ ಬೇಡ. ಹಕ್ಕಿಯು ತಾನು ಆರಿಸಿದ ಜಾಗಕ್ಕೇ ಮರಳಿ ಬರುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಯನ್ನು ಹಾಳುಮಾಡುವುದನ್ನೂ ಗೂಡನ್ನು ಕದಡುವುದನ್ನೂ ಬೇಟೆಯ ಅರ್ಥದಲ್ಲೇ ಸೇರಿಸಿದೆ. ಗೂಡು ಮೈದಾನದ ನಟ್ಟನಡುವೆ ಇದ್ದರೆ? ಆಗ ಪಂದ್ಯವನ್ನು ಬೇರೆ ಬಯಲಿಗೆ ಒಯ್ಯಬೇಕಾಗುತ್ತದೆ. ಇದಕ್ಕೆ ಸುಲಭದ ಉಪಾಯವನ್ನು ನಾವು ಕಾಣೆವು.

ಈ ಕಟ್ಟುಪಾಡು ಬಹುಕಾಲದ್ದಲ್ಲ. ಮೊಟ್ಟೆಯೊಡೆಯಲು ನಾಲ್ಕು ವಾರಗಳಷ್ಟು ಬೇಕು. ಮರಿಗಳು ಮೈ ಆರಿದ ಕೆಲವು ಗಂಟೆಗಳಲ್ಲೇ ಎದ್ದು ಓಡಾಡಿ, ತಾಯಿತಂದೆಯರ ಹಿಂದೆ ಬಯಲಿನ ಅಂಚಿನ ಎತ್ತರದ ಹುಲ್ಲನ್ನು ಸೇರಿಕೊಳ್ಳುತ್ತವೆ. ಆ ಅಂಚಿನಲ್ಲಿ ನಾಲ್ಕಾರು ಮಾರು ಅಗಲದ ಹುಲ್ಲನ್ನು ಮಳೆಗಾಲ ಮುಗಿಯುವವರೆಗೆ ಕತ್ತರಿಸದೆ ಬಿಟ್ಟಿರಬೇಕು.