ಒಣಗಿದ ರಾಡಿ ತಿಕ್ಕಬೇಡಿ, ನೆನೆಸಿ

ಸಾರವಾಡ ಊರಿನ ಸುತ್ತಲಿನ ಡೋಣಿ ನದಿ ಸೀಮೆಯ ಎರೆಹೊಲಗಳ ದಾರಿಯಲ್ಲಿ ಮಳೆಗಾಲದಾಗ ಕಾರು ಓಡಿಸಿದರೆ ರಾಡಿ ಬಾಗಿಲಮಟ ಮೆತ್ತಿಕೊಳ್ಳುತ್ತದೆ. ಬಿಸಿಲು ಬಿದ್ದರೆ ಸಾಕು, ಗಟ್ಟಿಯಾಗಿ ಹಿಡಿದು ಕೂರುತ್ತದೆ. ಆಗ ಹೆಚ್ಚಿನವರು ಒದ್ದೆ ಬಟ್ಟೆ ಹಿಡಿದು ಬಲ ಹಾಕಿ ತಿಕ್ಕುತ್ತಾರೆ. ಬಣ್ಣಕ್ಕೆ ಗೀರು ಬೀಳುವುದು ಆ ಗಳಿಗೆಯಲ್ಲೇ. ಈಗಿನ ಹೆಚ್ಚಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ. ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ರಾಡಿಯೊಳಗಿನ ಮರಳು, ಸುಣ್ಣದ ಹರಳುಗಳು ಬಟ್ಟೆಯಡಿ ಸಿಕ್ಕರೆ ಉಪ್ಪುಕಾಗದದಂತೆ ಈ ಪದರವನ್ನು ಉಜ್ಜುತ್ತವೆ.

ಉಪಾಯ ಎರೆಮಣ್ಣಿನ ಗುಣದಲ್ಲೇ ಇದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಾಗಾಗಿ ಬಲಕ್ಕಿಂತ ನೀರು ಮತ್ತು ಸಮಯಕ್ಕೆ ಅದು ಬೇಗ ಸೋಲುತ್ತದೆ. ಬೆಳಿಗ್ಗೆ ನೆರಳಿನಲ್ಲಿ, ಲೋಹ ತಣ್ಣಗಿರುವಾಗ ಕೆಲಸ ಆರಂಭಿಸಿ. ಮೆತ್ತಿದ ಜಾಗಕ್ಕೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ, ಹತ್ತು ನಿಮಿಷ ಬಿಡಿ. ಬಳಿಕ ಬಟ್ಟೆಯನ್ನು ಎಳೆಯದೆ ಮೇಲಕ್ಕೆತ್ತಿ, ಸಡಿಲಾದ ಮಣ್ಣನ್ನು ನೀರಿನಿಂದಲೇ ಇಳಿಸಿ. ಉಳಿದರೆ ಮತ್ತೊಮ್ಮೆ ನೆನೆಸಿ. ಮಣ್ಣು ಹೋದ ಮೇಲಷ್ಟೇ ಕೈ ಹಚ್ಚಬೇಕು: ಎರಡು ಬಕೆಟ್ ಇಡಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಪ್ರತಿಸಲ ಬರೀ ನೀರಿನಲ್ಲಿ ಅಲುಬಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ನೇರವಾಗಿ ಒರೆಸಿ. ಗಾಲಿಗೆ ಬೇರೆ ಬಟ್ಟೆ.

ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಇಷ್ಟು ನೀರು ಎಲ್ಲಿಂದ ಎಂದು ಕೇಳುವುದು ನ್ಯಾಯವೇ. ಆದರೆ ನೆನೆಸಲು ಪೈಪು ಬೇಡ, ಕೈಪಂಪಿನ ಸ್ಪ್ರೇಯರ್ ಸಾಕು. ಬಟ್ಟೆ ಹೊದಿಸಿದರೆ ನೀರು ಬೇಗ ಆರುವುದಿಲ್ಲ. ದ್ರಾಕ್ಷಿಗೆ ಔಷಧಿ ಹೊಡೆದ ಪಂಪು ಮಾತ್ರ ಬೇಡ. ನೀರು ಉಳಿಸಲೆಂದು ದಿನಾ ಒಣಬಟ್ಟೆಯಿಂದ ಧೂಳು ಒರೆಸುವವರು ನೀರನ್ನು ಉಳಿಸಿ ಬಣ್ಣವನ್ನು ಕಳೆದುಕೊಳ್ಳುತ್ತಾರೆ. ಬಟ್ಟೆ ಒಗೆಯುವ ಪುಡಿ ಅಗ್ಗವೆಂಬ ವಾದವೂ ನಿಲ್ಲದು: ಅದರ ಕ್ಷಾರ ಮೇಣದ ರಕ್ಷಣೆಯನ್ನು ಕಿತ್ತುಹಾಕುತ್ತದೆ.

ಎಲ್ಲ ಕಲೆಗೂ ನೀರೊಂದೇ ಸಾಲದು. ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್ ಬೇಕು. ಮೊದಲು ಮರೆಯ ಜಾಗದಲ್ಲಿ ಪರೀಕ್ಷಿಸಿ, ಕೈಗವಸು ತೊಟ್ಟು ಬಟ್ಟೆಗೆ ಹಚ್ಚಿ ಚುಕ್ಕೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ; ಕರಗಿದ ಮೇಲೆ ಒರೆಸಿ ಶಾಂಪೂವಿನಿಂದ ತೊಳೆಯಿರಿ. ಪೆಟ್ರೋಲ್ ಬಳಸಲೇಬೇಡಿ, ಬೆಂಕಿಯ ಅಪಾಯವಿದೆ. ಹಕ್ಕಿಯ ಹಿಕ್ಕೆಯನ್ನು ಹಾಗೇ ಬಿಡಬಾರದು. ಬಿಸಿಲಲ್ಲಿ ಅದರ ಆಮ್ಲ ಪದರವನ್ನೇ ತಿನ್ನುತ್ತದೆ. ಅದನ್ನೂ ಅಂದೇ ನೆನೆಸಿ ಎತ್ತಿ. ಇಷ್ಟಾದರೂ ಕಾರಿನ ಮೈ ಒರಟೆನಿಸಿದರೆ ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿ ತುಂಡನ್ನು ಜಾರುದ್ರವ ಹಾಕಿ ಹಗುರವಾಗಿ ಆಡಿಸಿ. ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಮುಟ್ಟಬೇಡಿ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಅದು ತಾನಾಗಿ ಆರಿದಾಗ ಲವಣದ ಬಿಳಿ ಕಲೆ ಉಳಿಸುತ್ತದೆ. ಕೂಡಲೇ ಒಣಗಿಸಿ, ಕೊನೆಗೆ ಮೇಣ ಹಚ್ಚಿ. ಮೇಣವಿದ್ದ ಮೈಗೆ ಮುಂದಿನ ರಾಡಿ ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ನೀರೂ ಕಡಿಮೆ ಸಾಕಾಗುತ್ತದೆ. ನೆನೆಸುವ ಹತ್ತು ನಿಮಿಷದ ತಾಳ್ಮೆ ಬಣ್ಣ ಹೊಡೆಸುವ ಖರ್ಚಿಗಿಂತ ಎಷ್ಟೋ ಅಗ್ಗ.