ಲಂಡನ್ 1780, ಮಂಗಳೂರು 1784: ಕ್ಯಾಥೊಲಿಕ್ ವಿರೋಧಿ ಘಟನೆಗಳು

ಯಾದಗಿರಿ, ಶಹಾಪುರ, ಸುರಪುರದ ಸ್ಪರ್ಧಾರ್ಥಿಗಳೇ, ಈ ಎರಡನ್ನೂ ಒಟ್ಟಿಗೆ ಓದಿ, ಆದರೆ ಒಂದೇ ಎಂದು ಬಗೆಯಬೇಡಿ.

ಬ್ರಿಟನ್ನಿನ 1778ರ ಕಾಯ್ದೆ ಕ್ಯಾಥೊಲಿಕ್ಕರ ಮೇಲಿನ ಕೆಲವು ನಿರ್ಬಂಧಗಳನ್ನು ಸಡಿಲಿಸಿತು. ಅದನ್ನು ರದ್ದುಪಡಿಸಲು ಲಾರ್ಡ್ ಜಾರ್ಜ್ ಗಾರ್ಡನ್ 1780ರ ಜೂನ್ 2ರಂದು ಲಂಡನ್ನಿನಲ್ಲಿ ಮೆರವಣಿಗೆ ನಡೆಸಿದ. ಟೋಪಿಗೆ ನೀಲಿ ಪಟ್ಟಿ ಕಟ್ಟಿಕೊಂಡ ಜನರು ಮನವಿ ಹೊತ್ತು ಸಂಸತ್ತಿಗೆ ಹೋದರು. ಮುಂದೆ ಪ್ರಾರ್ಥನಾಲಯಗಳು, ಮನೆಗಳು ಸುಟ್ಟವು. ನ್ಯೂಗೇಟ್ ಸೆರೆಮನೆಗೂ ಬೆಂಕಿ ಬಿತ್ತು. ಸೈನ್ಯ ಗುಂಡು ಹಾರಿಸಿ ದಂಗೆ ಅಡಗಿಸಿತು. ನೂರಾರು ಜನ ಸತ್ತರು. ಹಲವರು ಗಲ್ಲಿಗೇರಿದರೂ, ರಾಜದ್ರೋಹದ ಆರೋಪದಿಂದ ಗಾರ್ಡನ್ 1781ರಲ್ಲಿ ಖುಲಾಸೆಯಾದ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮಂಗಳೂರಿನದು ಬೀದಿ ದಂಗೆಯಲ್ಲ, ರಾಜಾಜ್ಞೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನ್ 1784ರಲ್ಲಿ ಕರಾವಳಿಯ ಕ್ಯಾಥೊಲಿಕ್ಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಿಲಾಗ್ರಿಸ್ ಸೇರಿದಂತೆ ಚರ್ಚುಗಳು ಕೆಡವಲ್ಪಟ್ಟವು. ಮಕ್ಕಳು, ವೃದ್ಧರೆನ್ನದೆ ಘಟ್ಟ ಹತ್ತಿಸಿದ ಆ ನಡಿಗೆಯಲ್ಲೇ ಅನೇಕರು ಪ್ರಾಣ ಬಿಟ್ಟರು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು ಟಿಪ್ಪು ಮಡಿದ ಬಳಿಕವೇ.

ಆ ಯುದ್ಧವನ್ನು ಕೊನೆಗೊಳಿಸಿದ ಮಂಗಳೂರು ಒಪ್ಪಂದದ ದಿನಾಂಕ 1784ರ ಮಾರ್ಚ್ 11. ಇದನ್ನು ತಪ್ಪದೆ ನೆನಪಿಡಿ.