ಹಿತ್ತಿಲ ಗುಂಡಿಯ ಸೀಸೆಗಳು

ಪ್ರಶ್ನೆ: ಪೆನ್ಸಿಲ್ವೇನಿಯಾದ ಹಳೇ ಊರೊಂದರಲ್ಲಿದ್ದೇನೆ. ಪಕ್ಕದ ಮನೆಯವರು ಹಿತ್ತಿಲು ಅಗೆದು ನೂರು ವರ್ಷಕ್ಕೂ ಹಳೆಯ ಸೀಸೆಗಳನ್ನು ತೆಗೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ನನಗೂ ಆ ಹುಚ್ಚು ಹತ್ತಿದೆ. ಎಲ್ಲಿಂದ ಶುರು ಮಾಡಲಿ? ನನ್ನೂರು ಕೆಜಿಎಫ್. ರಜೆಗೆ ಬಂದಾಗ ಅಲ್ಲಿಯೂ ಅಗೆಯಬಹುದೇ?

ಉತ್ತರ: ನಿಮ್ಮ ನೆರೆಯವರು ಒಂದು ವಿಷಯ ಹೇಳಿದರೋ ಇಲ್ಲವೋ: ಆ ಸೀಸೆಗಳು ಬಹುಶಃ ಸಿಕ್ಕಿದ್ದು ಹಳೇ ಕಕ್ಕಸಿನ ಗುಂಡಿಯಲ್ಲಿ. ಒಳಚರಂಡಿ ಬರುವ ಮುಂಚೆ ಅಮೆರಿಕದ ಊರುಗಳಲ್ಲಿ ಹಿತ್ತಿಲ ಕೊನೆಗೆ, ಬೇಲಿಗೆ ಒತ್ತಿಕೊಂಡಂತೆ ಒಂದು ಕಕ್ಕಸಿನ ಗೂಡು, ಅದರ ಕೆಳಗೊಂದು ಗುಂಡಿ ಇರುತ್ತಿತ್ತು. ಕೆಲವು ಕಡೆ ಹಲಗೆ ಕಟ್ಟಿದ್ದು. ಫಿಲಡೆಲ್ಫಿಯಾದಂಥ ಪೇಟೆಗಳಲ್ಲಿ ಇಟ್ಟಿಗೆ ಕಟ್ಟಿದ, ಬಾವಿಯಂತೆ ದುಂಡಗಿನದು. ಮನೆಬಾಗಿಲಿಗೆ ಕಸದ ಗಾಡಿ ಬಾರದ ಕಾಲ ಅದು. ಒಡೆದ ತಟ್ಟೆ, ಮುಗಿದ ಔಷಧದ ಸೀಸೆ, ಮನೆಯವರ ಕಣ್ಣಿಗೆ ಬೀಳಬಾರದ ವಿಸ್ಕಿ ಬಾಟಲಿ ಎಲ್ಲ ಆ ಗುಂಡಿಗೇ ಹೋಗುತ್ತಿದ್ದವು. ಇಷ್ಟು ವರ್ಷಗಳಲ್ಲಿ ಕೊಳೆಯುವುದೆಲ್ಲ ಮಣ್ಣಾಗಿ, ಗಾಜು ಗಾಜಾಗಿಯೇ ಕೂತಿದೆ. ಇಂಗ್ಲೆಂಡಿನಲ್ಲಿ ಇದೇ ಹವ್ಯಾಸದವರು ಹೆಚ್ಚಾಗಿ ಊರಾಚೆಯ ತಿಪ್ಪೆ ಅಗೆಯುತ್ತಾರೆ. ಅಲ್ಲಿ ಮನೆಮನೆಯ ಕಲ್ಲಿದ್ದಲ ಬೂದಿಯ ಜೊತೆಗೇ ಸೀಸೆಗಳೂ ಹೊರಬಿದ್ದಿದ್ದವು.

ಮೊದಲ ಕೆಲಸ ಗುದ್ದಲಿಯದಲ್ಲ, ಬಾಗಿಲು ತಟ್ಟುವುದು. ಜಾಗದ ಒಡೆಯರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಎಂಬುದನ್ನೂ ಅಗೆಯುವ ಮುಂಚೆಯೇ ಮಾತಾಡಿಕೊಳ್ಳಿ. ನೀಲಿ ಸೀಸೆಯೊಂದು ಮೇಲೆ ಬಂದ ಮೇಲೆ ಆಡುವ ಮಾತಿಗೆ ಬೇರೆಯದೇ ರುಚಿ. ಅಮೆರಿಕದ ಕೇಂದ್ರ ಸರ್ಕಾರದ ಜಮೀನಿನಲ್ಲಿ, ಮೂಲನಿವಾಸಿಗಳ ನೆಲದಲ್ಲಿ ಗುದ್ದಲಿ ಹಾಕಲೇಬೇಡಿ. ಅಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಪರವಾನಗಿ ಇಲ್ಲದೆ ತೆಗೆಯುವುದು 1979ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮದೇ ಹಿತ್ತಿಲಾದರೂ 811ಕ್ಕೆ ಫೋನ್ ಮಾಡಿ, ಗ್ಯಾಸ್ ಮತ್ತು ಕರೆಂಟಿನ ಲೈನು ಎಲ್ಲಿದೆ ಎಂದು ಗುರುತು ಹಾಕಿಸಿಕೊಳ್ಳಿ.

ಇನ್ನು ಗುಂಡಿ ಹುಡುಕುವುದು. ಇದರಲ್ಲಿ ಅರ್ಧ ಕೆಲಸ ಲೈಬ್ರರಿಯದು. 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಯವರಿಗಾಗಿ ಊರೂರಿನ ನಕ್ಷೆ ಬರೆಸಿತು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಮನೆ ಎಲ್ಲಿತ್ತು, ಹಿತ್ತಿಲು ಎಲ್ಲಿಗೆ ಮುಗಿಯುತ್ತಿತ್ತು, ಕೊಟ್ಟಿಗೆ ಯಾವ ಕಡೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ನಕ್ಷೆ ನೋಡಿಕೊಂಡು ಹಿತ್ತಿಲ ಗಡಿಯುದ್ದಕ್ಕೂ ಉಕ್ಕಿನ ಸಲಾಕೆ ಚುಚ್ಚುತ್ತಾ ಹೋಗಬೇಕು. ಮೇಲೆ ಅಡ್ಡ ಹಿಡಿ, ಕೆಳತುದಿ ಸಲಾಕೆಗಿಂತ ಒಂದಿಷ್ಟು ದಪ್ಪ. ತುದಿ ದಪ್ಪಗಿದ್ದರೆ ಮೇಲಿನ ಭಾಗ ಮಣ್ಣಿಗೆ ಉಜ್ಜುವುದಿಲ್ಲ, ಕೈಗೆ ಸಿಗುವ ಸುಳಿವೆಲ್ಲ ತುದಿಯದೇ. ಯಾರೂ ಮುಟ್ಟದ ನೆಲ ಗಟ್ಟಿಯಾಗಿ ತಡೆಯುತ್ತದೆ. ಒಮ್ಮೆ ಅಗೆದು ತುಂಬಿದ ಜಾಗದಲ್ಲಿ ಸಲಾಕೆ ಸರಕ್ಕನೆ ಇಳಿಯುತ್ತದೆ. ಬೂದಿಯಾದರೆ ಕರಕರ, ಗಾಜಾದರೆ ಟಿಣ್. ಈ ವ್ಯತ್ಯಾಸ ಮಣಿಕಟ್ಟಿಗೆ ತಿಳಿಯಬೇಕು, ಬರೆದು ಕಲಿಸುವಂಥದಲ್ಲ. ಆದ್ದರಿಂದ ಮೊದಲು ಅನುಭವವಿದ್ದವರ ಜೊತೆ ಹೋಗಿ ಅವರ ಮಣ್ಣು ಹೊರಿ.

ಜೊತೆಗೆ ಹೋಗಿ ಎನ್ನಲು ಇನ್ನೂ ದೊಡ್ಡ ಕಾರಣವಿದೆ. ತುಂಬಿದ ಮಣ್ಣು ಸಡಿಲ, ಎದೆಯಾಳದ ಗುಂಡಿ ಕುಸಿದರೂ ಮನುಷ್ಯ ಉಸಿರುಗಟ್ಟಿ ಸಾಯಬಹುದು. ಒಬ್ಬರೇ ಇಳಿಯಬೇಡಿ. ಕೆಲಸಗಾರರನ್ನು ಐದಡಿಗಿಂತ ಆಳಕ್ಕೆ ಇಳಿಸುವಾಗ ಗೋಡೆಗೆ ಆಸರೆ ಬೇಕೆಂದು ಅಮೆರಿಕದಲ್ಲಿ ನಿಯಮವೇ ಇದೆ. ಹವ್ಯಾಸದವರಿಗೆ ಮಣ್ಣು ರಿಯಾಯಿತಿ ತೋರಿಸುವುದಿಲ್ಲ. ಸೀಸೆಯ ತಳ ಗೋಡೆಯಲ್ಲಿ ಇಣುಕಿತೆಂದು ಪಕ್ಕಕ್ಕೆ ಬಿಲ ಕೊರೆಯುವುದಂತೂ ಹುಚ್ಚುತನ. ದಪ್ಪ ಚರ್ಮದ ಕೈಗವಸು, ಗಟ್ಟಿ ಬೂಟು ಹಾಕಿ, ಟಿಟಿ ಇಂಜೆಕ್ಷನ್ ತೆಗೆದುಕೊಂಡಿರಿ. ಗಾಜಿನ ಪದರ ಬಂದೊಡನೆ ಗುದ್ದಲಿ ಬಿಟ್ಟು ಕರಣೆ ಹಿಡಿಯಿರಿ. ಸಂಜೆ ಗುಂಡಿ ಮುಚ್ಚಿ, ಹುಲ್ಲುಹಾಸನ್ನು ಇದ್ದಂತೆ ಹೊದಿಸಿ. ನಿಮಗೆ ಮುಂದಿನ ಬಾಗಿಲು ತೆರೆಯುವುದು ಅದರಿಂದಲೇ.

ನನ್ನ ಮಟ್ಟಿಗೆ ಹವ್ಯಾಸ ನಿಜವಾಗಿ ಶುರುವಾಗುವುದು ಸೀಸೆಯನ್ನು ತೊಳೆದು ಬೆಳಕಿಗೆ ಹಿಡಿದಾಗ. ಪಕ್ಕದಲ್ಲಿರುವ ಅಚ್ಚಿನ ಗೆರೆಯನ್ನು ಬೆರಳಲ್ಲಿ ಹಿಂಬಾಲಿಸಿ. ಗೆರೆ ಬಾಯಿಯ ಅಂಚಿನ ಕೆಳಗೇ ನಿಂತರೆ ಬಾಯಿಯನ್ನು ಕೈಯಲ್ಲಿ ತಿದ್ದಿದ್ದಾರೆ ಎಂದರ್ಥ. ಅಂಚನ್ನೂ ಹತ್ತಿ ಹೋದರೆ ಯಂತ್ರದ್ದು. ಮೈಕೆಲ್ ಓವೆನ್ಸ್‌ನ ಸ್ವಯಂಚಾಲಿತ ಯಂತ್ರ ಬಂದದ್ದು 1903ರ ಸುಮಾರಿಗೆ. ತಳದಲ್ಲಿ ಉಂಗುರದಂತೆ ಒರಟು ಗಾಯವಿದ್ದರೆ ಕುಣಿದಾಡಬಹುದು. ಊದಿದ ಸೀಸೆಯನ್ನು ಕಬ್ಬಿಣದ ಸಲಾಕೆಗೆ ಅಂಟಿಸಿಕೊಂಡು ಬಾಯಿ ತಿದ್ದಿ ಆಮೇಲೆ ಮುರಿದು ಬಿಡಿಸಿದ ಗುರುತು ಅದು, ಹೆಚ್ಚಾಗಿ 1860ರ ದಶಕಕ್ಕಿಂತ ಹಿಂದಿನದು. ತೆಳು ನೇರಳೆ ಬಣ್ಣದ ಗಾಜು ಹುಟ್ಟಿನಿಂದ ನೇರಳೆಯಲ್ಲ. ಬಿಳುಪಿಗಾಗಿ ಬೆರೆಸಿದ ಮ್ಯಾಂಗನೀಸು ಬಿಸಿಲಿಗೆ ತಿರುಗಿದ್ದು.

ಗಾಜಿನ ಮೇಲಿನ ಅಕ್ಷರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಹೊಸಬರೆಲ್ಲ ಎಡವುವುದು ತಿರುಪು ಮುಚ್ಚಳದ ಮೇಸನ್ ಜಾಡಿಯಲ್ಲಿ. ಅದರ ಮೇಲೆ ‘ಪೇಟೆಂಟ್, ನವೆಂಬರ್ 30, 1858’ ಎಂದು ಉಬ್ಬಕ್ಷರದಲ್ಲಿರುತ್ತದೆ. ಅದು ಕೊರಳಿನ ತಿರುಪಿಗೆ ಪಡೆದ ಹಕ್ಕಿನ ತಾರೀಖು, ಜಾಡಿ ತಯಾರಾದದ್ದಲ್ಲ. ಆಮೇಲೂ ದಶಕಗಟ್ಟಲೆ ಅದೇ ಅಚ್ಚು ಒತ್ತಿದರು. ಇದಕ್ಕೆ ಹೋಲಿಸಿದರೆ ‘ಈ ಬಾಟಲಿಯ ಮಾರಾಟ ಅಥವಾ ಮರುಬಳಕೆ ನಿಷಿದ್ಧ’ ಎಂಬ ಅರ್ಥದ ಇಂಗ್ಲಿಷ್ ಸಾಲುಳ್ಳ ಮದ್ಯದ ಬಾಟಲಿ ಪ್ರಾಮಾಣಿಕ: ಪಾನನಿಷೇಧ ತೆಗೆದ ಮೇಲೆ 1935ರಿಂದ 1964ರವರೆಗೆ ಆ ಸಾಲು ಕಡ್ಡಾಯವಾಗಿತ್ತು.

ನಿಮ್ಮ ರಾಜ್ಯದವೇ ಕೆಲವನ್ನು ಗುರುತು ಮಾಡಿಕೊಳ್ಳಿ. ಫಿಲಡೆಲ್ಫಿಯಾದ ಡಯಟ್‌ವಿಲ್ ಗಾಜಿನ ಕಾರ್ಖಾನೆಯ ಹೆಸರುಳ್ಳವು ಒಂದು. ಇನ್ನೊಂದು ಪಿಟ್ಸ್‌ಬರ್ಗಿನ ಹಾಸ್ಟೆಟರ್ ಬಿಟರ್ಸ್, ಕಂದು ಬಣ್ಣದ ಚೌಕ ಸೀಸೆ. ಹೊಟ್ಟೆಗೆ ಔಷಧವೆಂದು ಮಾರಿದ ಅದರಲ್ಲಿ ಇದ್ದದ್ದು ಮುಖ್ಯವಾಗಿ ಮದ್ಯವೇ. ಕುಡಿಯುವುದಿಲ್ಲವೆಂದು ಆಣೆಯಿಟ್ಟವರಿಗೂ ಔಷಧ ಕುಡಿಯಲು ಅಡ್ಡಿಯಿರಲಿಲ್ಲವಲ್ಲ! ಸಪೂರವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಸೀಸೆ ಸಿಕ್ಕರೆ ನಗು ಬರಲಾರದು. ಹಲ್ಲು ಬರುವ ಮಗು ಅಳದಿರಲಿ ಎಂದು ಕೊಡುತ್ತಿದ್ದ ಆ ಮದ್ದಿನಲ್ಲಿ ಮಾರ್ಫೀನ್ ಇತ್ತು. ಇಂಥವನ್ನು ಸೀಸೆಯ ಮೇಲೆ ಹೇಳಲೇಬೇಕೆಂಬ ಕಾಯ್ದೆ ಬಂದದ್ದು 1906ರಲ್ಲಿ. ಗಾಢ ನೀಲಿಯ, ಮೈತುಂಬ ಉಬ್ಬುಗೆರೆಗಳ ಸೀಸೆ ವಿಷದ್ದು, ಕತ್ತಲಲ್ಲಿ ಕೈಗೆ ತಿಳಿಯಲೆಂದು ಹಾಗೆ ಮಾಡುತ್ತಿದ್ದರು. ಒಳಗೇನಾದರೂ ಉಳಿದಿದ್ದರೆ ಮೂಸಬೇಡಿ.

ಪುರಾತತ್ವದವರಿಗೆ ಈ ಹವ್ಯಾಸದ ಮೇಲೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದೇ. ಯಾವ ಸೀಸೆ ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತೆಂಬುದು ಒಮ್ಮೆ ಅಗೆದರೆ ಹೋಯಿತು. ಪದರ ಪದರಕ್ಕೂ ಫೋಟೊ ತೆಗೆದು ಬರೆದಿಡುವ ಸಹನೆ ಇಲ್ಲದಿದ್ದರೆ ಸಂತೆಯಲ್ಲಿ ಸೀಸೆ ಕೊಳ್ಳುವುದು ಮೇಲು. ಹಣಕ್ಕಾಗಿಯಂತೂ ಇಳಿಯಬೇಡಿ, ಬರಹವಿಲ್ಲದ ಸಾದಾ ಸೀಸೆಗಳನ್ನು ಕೇಳುವವರೇ ಇಲ್ಲ. ತೊಳೆಯುವಾಗ ತಣ್ಣಗಿದ್ದ ಗಾಜಿಗೆ ಬಿಸಿನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ.

ಇನ್ನು ಕೆಜಿಎಫ್. 1880ರಿಂದ ಜಾನ್ ಟೇಲರ್ ಕಂಪನಿಯ ದೊರೆಗಳು ಅಲ್ಲಿ ಬಂಗಲೆ, ಕ್ಲಬ್ಬು ಕಟ್ಟಿಕೊಂಡಿದ್ದವರು, ಸೀಸೆ ಬಿಟ್ಟುಹೋಗಿರುವುದಿಲ್ಲವೇ ಎಂಬ ನಿಮ್ಮ ಆಸೆ ಅರ್ಥವಾಗುತ್ತದೆ. ಆದರೂ ಬೇಡ. 2001ರಲ್ಲಿ ಗಣಿ ಮುಚ್ಚಿದರೂ ಅದನ್ನು ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿಯ ಜಾಗ ಸರ್ಕಾರದ್ದೇ, ಸೈನೈಡ್ ಗುಡ್ಡಗಳ ಮಣ್ಣು ಆಟದ ಮಣ್ಣಲ್ಲ. ನೆಲದಡಿ ಸಿಕ್ಕಿದ ಬೆಲೆಬಾಳುವ ವಸ್ತುವಿನ ಬಗ್ಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಧಿ ಕಾಯ್ದೆಯೂ ನಮ್ಮಲ್ಲಿದೆ. ಇಷ್ಟರ ಮೇಲೆ, ನಮ್ಮ ಊರುಗಳಲ್ಲಿ ಅಮೆರಿಕದಂಥ ಗುಂಡಿಗಳು ಸಿಗುವುದೂ ಕಷ್ಟ. ಪೇಟೆಗಳ ಕಕ್ಕಸನ್ನು ಮನುಷ್ಯರ ಕೈಯಲ್ಲೇ ಬಾಚಿಸಿ, ತಲೆಯ ಮೇಲೆ ಹೊರಿಸಿದ ನಾಡು ನಮ್ಮದು. ಖಾಲಿ ಸೀಸೆಯನ್ನಂತೂ ಎಸೆದವರು ಕಡಿಮೆ. ಎಣ್ಣೆಗೋ ಸೀಮೆಎಣ್ಣೆಗೋ ಆಗದಿದ್ದರೆ ‘ಖಾಲಿ ಬಾಟ್ಲಿ, ಹಳೇ ಪೇಪರ್’ ಎಂದು ಕೂಗಿ ಬರುವವನ ಚೀಲಕ್ಕೆ.

ಹಾಗಾಗಿ ಊರಿನಲ್ಲಿ ಗುಜರಿ ಅಂಗಡಿ ಹೊಗಿ, ನೆಂಟರ ಅಟ್ಟ ಹತ್ತಿ. ಗೋಲಿ ಸೋಡಾ ಸೀಸೆ ಕೇಳಿ. ಲಂಡನ್ನಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಹಕ್ಕು ಪಡೆದ ಆ ವಿನ್ಯಾಸದ ಹಳೇ ಸೀಸೆಗೆ ಇಂಗ್ಲೆಂಡಿನ ಅಗೆತಗಾರರು ಇಂದಿಗೂ ಬಾಯಿಬಿಡುತ್ತಾರೆ. ಅಲ್ಲಿನ ಮಕ್ಕಳು ಗೋಲಿಗಾಗಿ ಒಡೆದು ಹಾಕಿದ್ದರಿಂದ ಇಡಿಯಾಗಿ ಉಳಿದವು ಕಡಿಮೆ. ಅಂಥದ್ದು ಸಿಕ್ಕಿತೆಂದು ಸೂಟ್‌ಕೇಸಿಗೆ ತುರುಕಬೇಡಿ. ಐತಿಹಾಸಿಕ ಮಹತ್ವದ, ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಸೀಸೆ ಹಳೆಯದೆಂಬ ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣೆಗೆ ತೋರಿಸಿ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಕೊಟ್ಟರೆ ಮಾತ್ರ ಒಯ್ಯಿರಿ.